ರಾಜೀವಿಯ ಮಧ್ಯಾಹ್ನದ ಕಾದಂಬರಿ

ಊಟದ ಹೊತ್ತು ಕಳೆದ ಮೇಲೆ ಮುಂಬಯಿಯ ಸಾಂತಾಕ್ರೂಜಿನ ಆ ಹಳೆಯ ಬಿಲ್ಡಿಂಗ್ ಸ್ವಲ್ಪ ಹೊತ್ತು ಮೆತ್ತಗಾಗುತ್ತದೆ. ಕುಕ್ಕರುಗಳ ಸೀಟಿ ನಿಲ್ಲುತ್ತದೆ, ಮಕ್ಕಳು ಶಾಲೆಯಲ್ಲಿರುತ್ತಾರೆ, ಕೆಳಗೆ ವಾಚ್‌ಮನ್ ಕುರ್ಚಿಯಲ್ಲೇ ತೂಕಡಿಸುತ್ತಾನೆ. ಆಗೊಮ್ಮೆ ಈಗೊಮ್ಮೆ ವಿಮಾನವೊಂದು ತಗ್ಗಿ ಹಾರಿ, ಕಿಟಕಿಯ ಗಾಜು ಸಣ್ಣಗೆ ನಡುಗಿ ಸುಮ್ಮನಾಗುತ್ತದೆ. ಆ ಹೊತ್ತಿನಲ್ಲಿ ಮೂರನೆಯ ಮಹಡಿಯ ರಾಜೀವಿ ಕಿಟಕಿಯ ಪಕ್ಕ ಚಾಪೆ ಹಾಸಿ, ಕಾಲು ನೀಡಿ ಕೂತು ಕಾದಂಬರಿ ಓದುತ್ತಾಳೆ. ಅದು ಪ್ರೇಮದ ಕಾದಂಬರಿಯೇ ಆಗಬೇಕು. ಬೇರೆಯದು ಅವಳಿಗೆ ಬೇಡ.

ಅವಳು ಕಾಪುವಿನ ಕಡೆಯವಳು. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟರೂ ಓದು ಬಿಟ್ಟಿರಲಿಲ್ಲ. ಮನೆಯಿಂದ ಮನೆಗೆ ಕೈದಾಟಿ ಬರುತ್ತಿದ್ದ ವಾರಪತ್ರಿಕೆಯ ಧಾರಾವಾಹಿಗಾಗಿ, ಬೀಡಿ ಕಟ್ಟುತ್ತಾ, ವಾರವಿಡೀ ಕಾಯುತ್ತಿದ್ದಳು. ಚೆನ್ನಯನನ್ನು ಮದುವೆಯಾಗಿ ಮುಂಬಯಿಗೆ ಬಂದ ಮೇಲೆ, ಮಾಟುಂಗದ ಕನ್ನಡ ಸಂಘವೊಂದರಲ್ಲಿ ಲೈಬ್ರರಿ ಇದೆಯೆಂದು ಯಾರೋ ಹೇಳಿದರು. ಅಂದಿನಿಂದ ಇಂದಿನವರೆಗೆ ಶನಿವಾರವೆಂದರೆ ಅವಳಿಗೆ ಮಾಟುಂಗದ ದಿನ. ಸ್ಲೋ ಲೋಕಲ್ ರೈಲು ಹಿಡಿದು ಮಾಟುಂಗ ರೋಡಿನಲ್ಲಿ ಇಳಿದು, ಸೇತುವೆ ದಾಟಿ ಆಚೆ ಬದಿಗೆ ಹೋಗಿ, ಎರಡು ಪುಸ್ತಕ ಚೀಲಕ್ಕೆ ಹಾಕಿಕೊಂಡು ಬರುವುದು.

ಚೆನ್ನಯ ಸ್ಟೇಷನ್ ಹತ್ತಿರದ ಹೋಟೆಲೊಂದರಲ್ಲಿ ದೋಸೆಯ ಕಾವಲಿಯ ಎದುರು ನಿಂತು ಶುರುಮಾಡಿ ಈಗ ಕೌಂಟರಿಗೆ ಬಂದಿದ್ದಾನೆ. ಬೆಳಕು ಹರಿಯುವ ಮೊದಲೇ ಹೊರಟು, ಮಧ್ಯಾಹ್ನ ಮನೆಗೆ ಬಂದು ಉಂಡು, ಪರದೆಯ ಆಚೆಗಿನ ಮಂಚದಲ್ಲಿ ಒರಗಿ, ಸಂಜೆ ಮತ್ತೆ ಹೋಗುತ್ತಾನೆ. ಕುಡಿತವಿಲ್ಲ, ಬೈಗುಳವಿಲ್ಲ. ಮಾತೂ ಇಲ್ಲ. ನೀರು ಬಂತಾ, ಮಗಳು ಬಂದಳಾ, ಮೀನು ತಾಜಾ ಇತ್ತಾ ಎಂಬಲ್ಲಿಗೆ ಅವನ ತುಳು ಮುಗಿಯುತ್ತದೆ. ರಾಜೀವಿಗೆ ಅದರಿಂದ ದುಃಖವಾಗಿತ್ತೆಂದು ಹೇಳಲಾಗದು. ಅಕ್ಕಪಕ್ಕದ ಮನೆಗಳಲ್ಲೂ ಗಂಡಸರು ಹೀಗೆಯೇ ಇದ್ದರು. ಆದರೆ ಪುಸ್ತಕ ಬಿಚ್ಚಿದ ಕೂಡಲೇ ಬೇರೆ ಗಾಳಿ ಬೀಸುತ್ತಿತ್ತು. ಅಲ್ಲಿ ಹುಡುಗಿಯೊಬ್ಬಳು ಚಹಾದ ಲೋಟ ಕೈಯಲ್ಲಿ ಹಿಡಿದು ಕುಡಿಯದೆ ನಿಂತರೆ, ಕೋಣೆಯ ಆ ಮೂಲೆಯಲ್ಲಿ ಒಬ್ಬ ಅದನ್ನು ಗಮನಿಸಿರುತ್ತಿದ್ದ.

ಅವಳ ಮಗಳು ನಿಶಾ ಗೋರೆಗಾಂವ್‌ನ ಆಫೀಸೊಂದರಲ್ಲಿ ಕೆಲಸಕ್ಕಿದ್ದಾಳೆ. ಒಂದು ಭಾನುವಾರ ಅವಳು ಕೇಳಿದಳು: "ಅಮ್ಮಾ, ಲಾಸ್ಟಿಗೆ ಅವರ ಶಾದಿ ಆಗ್ತದೆ ಅಂತ ನಿಂಗೆ ಗೊತ್ತೇ ಉಂಟಲ್ಲ. ಫಿರ್ ಭೀ ಯಾಕೆ ಓದೋದು?"

"ಗೊತ್ತುಂಟು ಅಂತಲೇ ಓದುವುದು," ರಾಜೀವಿ ನಕ್ಕಳು. "ಗೊತ್ತಿಲ್ಲದ್ದು ಹೊರಗೆ ಬೇಕಾದಷ್ಟು ಉಂಟಲ್ಲ."

ನಿಶಾ "ಕ್ಯಾ ಅಮ್ಮಾ" ಎಂದು ಮೊಬೈಲಿಗೆ ಮರಳಿದಳು.

ಗುರುಬಾಯಿ ಬಂದದ್ದು ಆಮೇಲೆ. ಇಂಡಿ ತಾಲೂಕಿನವಳು. ಗಂಡ ಗುರಲಿಂಗಪ್ಪ ಬಿಲ್ಡಿಂಗ್ ಕಟ್ಟುವ ಕೆಲಸದಲ್ಲಿದ್ದ. ಅವಳು ಮನೆಗಳಲ್ಲಿ ಪಾತ್ರೆ ತೊಳೆದು ನೆಲ ಒರೆಸುತ್ತಿದ್ದಳು, ರಾಜೀವಿಯದು ಅವಳ ಮಧ್ಯಾಹ್ನದ ಕೊನೆಯ ಮನೆ. ಒಂದು ದಿನ ಕೆಲಸ ಮುಗಿಸಿ ಸೆರಗಿಗೆ ಕೈ ಒರೆಸುತ್ತಾ ಹೊರಬಂದವಳು ನಿಂತುಬಿಟ್ಟಳು.

"ಯಾಕ್ರೀ ಅಕ್ಕಾರ, ಒಬ್ಬಾಕಿನ ನಗಾಕತ್ತೀರಿ?"

ರಾಜೀವಿ ನಾಚಿಕೊಂಡು, ತಾನು ಓದುತ್ತಿದ್ದ ಪುಟವನ್ನೇ ಗಟ್ಟಿಯಾಗಿ ಓದಿದಳು. ಗುರುಬಾಯಿಗೆ ಓದಲು ಬರುತ್ತಿರಲಿಲ್ಲ. ಆದರೆ ಕೇಳಲು ಅವಳ ಹಾಗೆ ಬರುವವರು ಕಡಿಮೆ. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಮೊಣಕಾಲಿಗೆ ಗಲ್ಲ ಊರಿ, ಕಣ್ಣು ಮಿಟುಕಿಸದೆ ಕೇಳಿದಳು. ಮರುದಿನ ಪಾತ್ರೆಗಳ ಸದ್ದು ಬೇಗ ಬೇಗ ಕೇಳಿಸಿತು. "ಮುಂದ ಏನಾತ್ರಿ?" ಎಂದು ತಾನೇ ಬಂದು ಕೂತಳು. ಅಲ್ಲಿಂದ ಅದೇ ರೂಢಿಯಾಯಿತು. ರಾಜೀವಿ ಓದುವುದು, ಗುರುಬಾಯಿ ಕೇಳುವುದು, ಪರದೆಯ ಆಚೆ ಚೆನ್ನಯನ ಗೊರಕೆ.

ಕಳೆದ ಮಳೆಗಾಲದಲ್ಲಿ ಅವರು ಹಿಡಿದದ್ದು ತುಂಬ ಹಳೆಯ ಪುಸ್ತಕ. ರಟ್ಟು ಬದಲಾಯಿಸಿ ಹೊಲಿದಿದ್ದರು, ಹೆಸರಿನ ಪುಟ ಎಂದೋ ಹೋಗಿತ್ತು. ಮೊಬೈಲ್ ಇಲ್ಲದ ಕಾಲದ ಕತೆ. ಸಮುದ್ರ ತೀರದ ಸಣ್ಣ ಊರಿನ ಟೆಲಿಫೋನ್ ಆಫೀಸಿನಲ್ಲಿ ಒಬ್ಬ ಹುಡುಗಿ ಲೈನ್ ಜೋಡಿಸುವ ಕೆಲಸದಲ್ಲಿದ್ದಾಳೆ. ದೂರದ ದ್ವೀಪದ ದೀಪಸ್ತಂಭವನ್ನು ನೋಡಿಕೊಳ್ಳುವವನೊಬ್ಬ ಸಂಜೆ ಸಂಜೆ ತನ್ನ ತಾಯಿಗೆ ಫೋನ್ ಮಾಡಲು ಲೈನ್ ಕೇಳುತ್ತಾನೆ. ಅವಳು "ಕೊಡುತ್ತಿದ್ದೇನೆ" ಎನ್ನುತ್ತಾಳೆ. ಇಷ್ಟೇ ಅವರಿಬ್ಬರ ಮಾತು. ಒಂದು ಸಂಜೆ ಅವನು, "ನಿಮಗೆ ಶೀತವಾಗಿದೆ, ಬಿಸಿನೀರು ಕುಡಿಯಿರಿ," ಎಂದುಬಿಡುತ್ತಾನೆ.

ಗುರುಬಾಯಿ ಎದೆಯ ಮೇಲೆ ಕೈ ಇಟ್ಟುಕೊಂಡಳು. "ನೋಡ್ರಿ, ಮಾರಿ ನೋಡಿಲ್ಲ, ದನಿ ಮ್ಯಾಗ ನೆಗಡಿ ಆಗ್ಯದಂತ ತಿಳದಾನ. ನಾ ಹ್ವಾದ ವರ್ಷ ಜಾರಿ ಬಿದ್ದು ಕೈ ಮುರಕೊಂಡು ಮನಿಗೆ ಹ್ವಾದ್ರ, ನಮ್ಮಂವ ರೊಟ್ಟಿ ಯಾರ ಮಾಡ್ತಾರ ಅಂದ!"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದರು. ಮಳೆ ಬೂದು ಬಣ್ಣದ ಪರದೆಯ ಹಾಗೆ ಇಳಿದಿತ್ತು. ಎದುರಿನ ಬಿಲ್ಡಿಂಗ್ ಕಾಣುತ್ತಿರಲಿಲ್ಲ. ಅಲ್ಲೆಲ್ಲೋ ಸಮುದ್ರವಿದ್ದೀತು, ದ್ವೀಪವಿದ್ದೀತು ಅನ್ನಿಸುವಂತಿತ್ತು.

ಕತೆ ಮುಂದೆ ಹೋಯಿತು. ಹುಡುಗಿಗೆ ದೂರದ ಊರಿಗೆ ವರ್ಗವಾಗುತ್ತದೆ. ಹೊರಡುವ ಮೊದಲು ಒಮ್ಮೆ ನೋಡಬೇಕು, ವಾರದ ದೋಣಿಯಲ್ಲಿ ಬನ್ನಿ, ದೋಣಿ ನಿಲ್ಲುವ ಧಕ್ಕೆಯಲ್ಲಿ ನಿಂತಿರುತ್ತೇನೆ ಎಂದು ಅವಳು ಹೇಳುತ್ತಾಳೆ. ಆ ರಾತ್ರಿ ಬಿರುಗಾಳಿ ಏಳುತ್ತದೆ. ಬೆಳಿಗ್ಗೆ ಅವಳು ಧಕ್ಕೆಗೆ ಬಂದು ನಿಲ್ಲುತ್ತಾಳೆ. ರಾಜೀವಿ ಪುಟ ಮಗುಚಿದಳು. ಮುಂದಿದ್ದದ್ದು ಬರೀ ರಟ್ಟು. ಕೊನೆಯ ಪುಟಗಳೇ ಇರಲಿಲ್ಲ.

"ಅಕ್ಕಾರ!" ಗುರುಬಾಯಿ ಯಾರೋ ತಳ್ಳಿದ ಹಾಗೆ ಎದ್ದು ನಿಂತಳು. "ಅಂವ ಬರ್ತಾನೋ ಇಲ್ಲೋ?"

ಶನಿವಾರ ರಾಜೀವಿ, ಗುರುಬಾಯಿಗೆ ಓದಿ ಹೇಳುತ್ತಿರುವುದನ್ನು ತಿಳಿಸಿ, ಅದನ್ನೇ ಲೈಬ್ರರಿಯ ಸಿದ್ದಲಿಂಗಪ್ಪನವರನ್ನು ಕೇಳಿದಳು. ಅವರು ಕಪಾಟುಗಳ ನಡುವೆ ಹುಡುಕಿ ಬರಿಗೈಯಲ್ಲಿ ಬಂದರು. "ಇನ್ನೊಂದು ಪ್ರತಿ ಇಲ್ಲ ತಾಯಿ. ನಾನೂ ಓದಿಲ್ಲ. ಏನೋ ಒಂದು ನೀವೇ ಹೇಳಿ ಮುಗಿಸಿಬಿಡಿ, ಅವರಿಗೇನು ತಿಳಿಯುತ್ತೆ?"

ಹಿಂತಿರುಗುವಾಗ ಲೋಕಲಿನ ಬಾಗಿಲ ಬಳಿ ನಿಂತು ಅವಳು ಅದನ್ನೇ ಯೋಚಿಸಿದಳು. ಮಾಹಿಮ್ ದಾಟಿ ಗಾಡಿ ಸಮುದ್ರ ಒಳನುಗ್ಗಿದ ಖಾಡಿಯ ಮೇಲೆ ಸಾಗಿತು. ಕಪ್ಪು ನೀರು, ನೀರಲ್ಲೇ ಬೇರು ಬಿಟ್ಟ ಕಾಂಡ್ಲಾ ಗಿಡಗಳು, ಯಾರೂ ಇಲ್ಲದೆ ಕಟ್ಟಿ ನಿಲ್ಲಿಸಿದ್ದ ಒಂದು ದೋಣಿ. ಆ ಹುಡುಗಿ ಅಲ್ಲಿಯೇ, ಮಳೆಯಲ್ಲಿ ನೆನೆದ ಸೀರೆಯಲ್ಲಿ, ನಿಂತಿರುವಂತೆ ಅವಳಿಗೆ ಕಂಡಿತು. ಗಾಡಿ ಬಾಂದ್ರಾ ಸೇರಿದರೂ ಹುಡುಗಿ ಅಲ್ಲೇ ನಿಂತಿದ್ದಳು. ಎರಡು ದಿನ ರಾಜೀವಿ ಸಾರಿಗೆ ಉಪ್ಪು ಹಾಕಲು ಮರೆತಳು. ದೀಪಸ್ತಂಭದವನನ್ನು ಧಕ್ಕೆಗೆ ಕರೆತರಬಹುದಿತ್ತು. ಆದರೆ ಅಚ್ಚಾದ ಪುಸ್ತಕದಲ್ಲಿ ಅವನು ಬಂದರೆ ನಂಬಿಕೆ ಬರುತ್ತದೆ, ತನ್ನ ಬಾಯಿಯಿಂದ ಬಂದರೆ ಬರೀ ಸುಳ್ಳಾದೀತು ಎಂದು ಅವಳಿಗೆ ಹೆದರಿಕೆ. ಬದುಕಿನಲ್ಲಿ ನಡೆಯುವುದು ಹೇಗೋ ಹಾಗೆಯೇ ಹೇಳುವುದು ಸರಿ ಎಂದುಕೊಂಡಳು.

ಸೋಮವಾರ ಮಧ್ಯಾಹ್ನ ಹೇಳಿದಳು. ದೋಣಿ ಬರಲಿಲ್ಲ. ಹುಡುಗಿ ಸಂಜೆಯ ಬಸ್ಸು ಹತ್ತಿದಳು. ಹೊಸ ಊರಿನಲ್ಲಿ ಮನೆಯವರು ನೋಡಿದ ಹುಡುಗನ ಜೊತೆ ಮದುವೆಯಾಯಿತು. ಒಳ್ಳೆಯವನೇ. ಎಂದಾದರೊಮ್ಮೆ ಫೋನ್ ರಿಂಗಾದಾಗ ಮಾತ್ರ ಅವಳ ಕೈ ಅರೆಗಳಿಗೆ ತಡೆಯುತ್ತಿತ್ತು.

ಗುರುಬಾಯಿ ಹೊಸ್ತಿಲಿನಿಂದ ಎದ್ದಳು. ಅವಳ ಮುಖ ಕೆಂಪಾಗಿತ್ತು.

"ಇದ ಕೇಳಾಕ ಇಷ್ಟ ದಿನಾ ಕುಂತೆನ್ರಿ ನಾ? ಇಂಥಾದು ನಮ್ಮ ಮನ್ಯಾಗ ಅದ, ಮಗ್ಗಲ ಮನ್ಯಾಗೂ ಅದ. ಇದನ್ನ ಯಾರ ಓದಿ ಹೇಳಬೇಕಾಗಿಲ್ಲ. ನಾಲ್ಕ ಮನಿ ನೆಲಾ ಒರಸೂ ಮುಂದ ನಾ ಆ ಹುಡುಗಿನ್ನ ನೆನಸ್ತೀನ್ರಿ. ಅಕಿಗ್ಯಾರ ಛಲೋ ಆಗಲಿ. ಒಬ್ಬಾಕಿಗ್ಯಾರ!"

ರಾಜೀವಿ ಮುಚ್ಚಿದ ಪುಸ್ತಕದ ಮೇಲೆ ಕೈ ಇಟ್ಟು ತಲೆ ತಗ್ಗಿಸಿದಳು. ಆಗ ಪರದೆಯ ಆಚೆಯಿಂದ ಕನ್ನಡದಲ್ಲಿ ದನಿ ಬಂತು.

"ಅವ ಬರ್ತಾನೆ."

ಇಬ್ಬರೂ ಬೆಚ್ಚಿದರು. ಮಂಚ ಕಿರುಗುಟ್ಟಿತು. ಚೆನ್ನಯ ಎದ್ದು ಕೂತಿರಬೇಕು, ಪರದೆ ಮಾತ್ರ ಸರಿಯಲಿಲ್ಲ.

"ವಾರದ ದೋಣಿ ಬರ್ಲಿಕ್ಕಿಲ್ಲ, ಸರಿ. ಮೀನು ಹಿಡಿಯುವ ಮೊಗವೀರರ ದೋಣಿ ಇಲ್ಲವಾ? ಗಾಳಿ ನಿಂತ ಕೂಡಲೇ ಅವರು ನೀರಿಗೆ ಇಳಿತಾರೆ. ಅವ ಅದರಲ್ಲಿ ಬರ್ತಾನೆ. ಸ್ವಲ್ಪ ತಡ ಆಗ್ತದೆ, ಅಷ್ಟೇ. ಇವಳು ಅಷ್ಟು ಬೇಗ ಬಸ್ಸು ಹತ್ತುವುದು ಎಂತಕ್ಕೆ?"

ಗುರುಬಾಯಿಯ ಕಣ್ಣು ಅರಳಿತು. "ಹೌದ್ರಿ ಅಣ್ಣಾರ! ಬಂದು ಏನಂತಾನ್ರಿ?"

ವಿಮಾನವೊಂದು ಹಾರಿ ಹೋಗುವಷ್ಟು ಹೊತ್ತು ಅವರು ಕಾದರು.

"ಎಂತ ಹೇಳುವುದು? ಫೋನಿನಲ್ಲಾದರೆ ಅವನಿಗೆ ಮಾತು ಬರ್ತಿತ್ತು. ಎದುರು ನಿಂತರೆ ಬರ್ಲಿಕ್ಕಿಲ್ಲ. ಇವಳು ಒದ್ದೆಯಾಗಿ ನಿಂತದ್ದು ಕಾಣ್ತದಲ್ಲ, ತನ್ನ ಕೋಟು ತೆಗೆದು ಹೊದಿಸ್ತಾನೆ. ಅವಳಿಗೆ ಗೊತ್ತಾಗ್ತದೆ."

"ಗೊತ್ತಾಗ್ತದ್ರಿ, ಯಾಕ ಗೊತ್ತಾಗಂಗಿಲ್ಲ!" ಎಂದು ಗುರುಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ತನ್ನದೇ ಮನೆಯ ಮದುವೆ ನಿಶ್ಚಯವಾದ ಹಾಗೆ ನಗುತ್ತಾ ಮೆಟ್ಟಿಲಿಳಿದು ಹೋದಳು.

ರಾಜೀವಿ ಕೂತಲ್ಲೇ ಇದ್ದಳು. ಮದುವೆಯಾದ ವಾರದಲ್ಲಿ ಮುಂಬಯಿಗೆ ಬಂದ ರಾತ್ರಿ ಬಸ್ಸು ಅವಳಿಗೆ ನೆನಪಾಯಿತು. ಘಟ್ಟದಲ್ಲಿ ಕಿಟಕಿಯ ಗಾಜು ಮುಚ್ಚುತ್ತಿರಲಿಲ್ಲ. ಎಚ್ಚರವಾದಾಗ ಅವಳ ಮೈಮೇಲೆ ಒಂದು ಶಾಲು ಇತ್ತು. ಪಕ್ಕದಲ್ಲಿ ಅವನು ಬರೀ ಅಂಗಿಯಲ್ಲಿ ಕೈಕಟ್ಟಿ ಕೂತಿದ್ದ. ಅವಳು ಅದನ್ನು ಶಾಲು ಎಂದಷ್ಟೇ ಎಣಿಸಿದ್ದಳು.

"ಎಷ್ಟು ದಿನದಿಂದ ಕೇಳ್ತಿದ್ದೀರಿ?" ಎಂದು ತುಳುವಿನಲ್ಲಿ ಕೇಳಿದಳು.

"ನಿದ್ರೆ ಬಾರದಾಗ."

"ದಿನಾ ಗೊರಕೆ ಕೇಳ್ತಿತ್ತಲ್ಲ?"

"ಅದು ಮೊದಮೊದಲು," ಎಂದ ಚೆನ್ನಯ. ಸ್ವಲ್ಪ ತಡೆದು, "ಇನ್ನು ಸ್ವಲ್ಪ ಜೋರಾಗಿ ಓದು. ಫ್ಯಾನಿನ ಸದ್ದಿಗೆ ಕೆಲವು ಸರಿ ಕೇಳುವುದಿಲ್ಲ," ಎಂದ.

ಮುಂದಿನ ಶನಿವಾರ ಅವನು ಹೋಟೆಲಿಗೆ ರಜೆ ಹಾಕಿದ. ಯಾಕೆಂದು ಹೇಳಲಿಲ್ಲ. ಇಸ್ತ್ರಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತ. ಮಾಟುಂಗದಲ್ಲಿ ಸೇತುವೆಯ ಮೇಲೆ ಅವಳು ಮುಂದೆ, ಅವನು ಎರಡು ಹೆಜ್ಜೆ ಹಿಂದೆ. ಲೈಬ್ರರಿಯಲ್ಲಿ ಅವನು ಕೈ ಹಿಂದಕ್ಕೆ ಕಟ್ಟಿಕೊಂಡು ಕಪಾಟಿನಿಂದ ಕಪಾಟಿಗೆ ನಡೆದ. ಒಂದು ದಪ್ಪ ಪುಸ್ತಕ ತೆಗೆದು, ಮೊದಲ ಪುಟ ಬಿಟ್ಟು ಕೊನೆಯ ಪುಟ ತಿರುಗಿಸಿ ನೋಡಿ, "ಇದು ಪೂರ್ತಿ ಉಂಟು," ಎಂದು ಅವಳ ಕೈಗೆ ಕೊಟ್ಟ. ಸಿದ್ದಲಿಂಗಪ್ಪನವರು ನಗು ತಡೆದುಕೊಂಡರು.

ಬರುವಾಗ ಸಂಜೆಯ ರಶ್. ಅವಳು ಲೇಡೀಸ್ ಡಬ್ಬಿ ಹತ್ತಿದಳು, ಅವನು ಹಿಂದಿನ ಜನರಲ್ ಡಬ್ಬಿಗೆ ಓಡಿದ. ದಾರಿಯಲ್ಲಿ ಹಿಡಿಯಲೆಂದು ಅವನು ಮತ್ತೆ ತೆಗೆದುಕೊಂಡಿದ್ದ ಪುಸ್ತಕ ಅವನ ಕೈಯಲ್ಲೇ ಉಳಿಯಿತು. ಹೆಂಗಸರ ಭುಜಗಳ ನಡುವೆ ನಿಂತು ರಾಜೀವಿ, ಅವನು ಎಲ್ಲಿ ನಿಂತಿದ್ದಾನು, ಬಾಗಿಲಲ್ಲಿ ನೇತಾಡುತ್ತಿದ್ದಾನಾ ಎಂದು ಯೋಚಿಸಿದಳು. ಇಷ್ಟು ವರ್ಷ ಅವನು ದಿನಕ್ಕೆರಡು ಸಲ ಹೊರಗೆ ಹೋಗಿ ಬಂದಿದ್ದಾನೆ. ಅವಳು ಹೀಗೆ ಒಮ್ಮೆಯೂ ಯೋಚಿಸಿದ್ದಿಲ್ಲ. ಹೊರಗೆ ಖಾಡಿಯ ನೀರಿನ ಮೇಲೆ ಸಂಜೆಯ ಬಿಸಿಲು ಬಿದ್ದು, ಆ ಕಪ್ಪು ನೀರೂ ಬಂಗಾರದ ಬಣ್ಣಕ್ಕೆ ತಿರುಗಿತ್ತು.

ಸಾಂತಾಕ್ರೂಜಿನಲ್ಲಿ ಇಳಿದು ಅವಳು ಪ್ಲಾಟ್‌ಫಾರ್ಮಿನ ಕಂಬವೊಂದರ ಪಕ್ಕ ನಿಂತಳು. ಜನ ಹೊಳೆಯ ಹಾಗೆ ಹರಿದು ಬಂದರು. ಆ ಹೊಳೆಯ ನಡುವೆ ಚೆನ್ನಯ ಕಾಣಿಸಿದ. ಪುಸ್ತಕವನ್ನು ಎದೆಗೆ ಒತ್ತಿ ಹಿಡಿದಿದ್ದ, ಇಸ್ತ್ರಿ ಅಂಗಿ ಮುದುಡಿತ್ತು. ಅವನು ಮೊದಲು ಆಚೆ ನೋಡಿದ. ಆಮೇಲೆ ಈಚೆ. ಕುತ್ತಿಗೆ ಉದ್ದ ಮಾಡಿ, ಕಣ್ಣು ಕಿರಿದು ಮಾಡಿ, ಹೋಗುವ ಒಬ್ಬೊಬ್ಬ ಹೆಂಗಸಿನ ಕಡೆಗೂ ನೋಡುತ್ತಾ ಹುಡುಕಿದ. ಅವನ ಮುಖದಲ್ಲಿ ಸಣ್ಣ ಗಾಬರಿ ಇತ್ತು.

ರಾಜೀವಿ ಕೈ ಎತ್ತಲಿಲ್ಲ. ಇನ್ನೊಂದಿಷ್ಟು ಹೊತ್ತು ಹುಡುಕಲಿ ಎಂದು ಕಂಬಕ್ಕೆ ಒರಗಿ ನೋಡುತ್ತಲೇ ನಿಂತಳು.