ಫೇರೋನ ಕುದುರೆ, ನಮ್ಮ ಫೋರ್‌ಮನ್‌ನ ನಲ್ಲಿ

ತೊಂಬತ್ತರ ದಶಕದ ಕೊನೆಯಲ್ಲಿ ಕುವೈತಿನ ಸಬ್ಹಾನ್‌ನ ಒಂದು ಕಾರ್ಖಾನೆಯಲ್ಲಿ ನಾನು ಏಸಿ ರಿಪೇರಿ ಮಾಡುತ್ತಿದ್ದೆ. ಫೋರ್‌ಮನ್ ಈಜಿಪ್ಟಿನವನು. ಕ್ಯಾಂಪಿನಲ್ಲಿ ಇಬ್ಬರದೂ ಒಂದೇ ಕೋಣೆ. ಅವನ ಮಂಚದ ಕೆಳಗೆ ರಟ್ಟಿನ ಡಬ್ಬಗಳು: ಹಿತ್ತಾಳೆ ನಲ್ಲಿ, ಬಾಗಿಲ ಹಿಡಿಕೆ, ಸ್ವಿಚ್ಚು. ಪಾಯ ಹಾಕುವ ಮೊದಲೇ ಮನೆಯ ಸಾಮಾನು ಕೂಡಿಡುವುದು ಗಲ್ಫಿನಲ್ಲಿ ದುಡಿಯುವವರ ಹಳೇ ಚಟ. ಊರಿಗೆ ಕಳಿಸಿದರೆ ಅಣ್ಣನ ಮಕ್ಕಳು ಬಿಚ್ಚಿಹಾಕುತ್ತಾರೆಂದು ಇಲ್ಲೇ ಇಟ್ಟುಕೊಂಡಿದ್ದ.

ಊರಲ್ಲಿ ಅವನು ಮನೆ ಕಟ್ಟಬೇಕಿದ್ದ ಜಾಗ ಒಬ್ಬ ಫೇರೋನ ರಾಜಧಾನಿಯ ಮೇಲಿತ್ತು. ಹಾಗಂತ ನೋಡಲು ಅಲ್ಲಿ ಏನೂ ಇಲ್ಲವಂತೆ. ಗುಡಿಗಳ ಕಲ್ಲನ್ನೆಲ್ಲ ಆಮೇಲಿನ ರಾಜರು ಬೇರೆ ಊರಿಗೆ ಸಾಗಿಸಿಬಿಟ್ಟಿದ್ದರು. ಹೊಲದಲ್ಲಿ ಒಂದು ದೊಡ್ಡ ವಿಗ್ರಹದ ಪಾದ ಮಾತ್ರ ಉಳಿದಿತ್ತು. ಆದರೂ ಅಗೆದು ನೋಡದೆ ಕಟ್ಟಲು ಸರ್ಕಾರ ಬಿಡುತ್ತಿರಲಿಲ್ಲ. ಅಗೆಯುವವರೋ, ಬರುತ್ತಲೇ ಇರಲಿಲ್ಲ.

ನಾನು ಬಾದಾಮಿ ಕಡೆಯವನು. ನನ್ನ ಮುರುಕು ಅರಬ್ಬಿಯಲ್ಲಿ ನಮ್ಮೂರ ಕಥೆ ಹೇಳಿದೆ. ಹಳೇ ಗುಡಿಯೊಳಗೇ ಸಂಸಾರ ಹೂಡಿದವರಿದ್ದರು, ಕೆತ್ತನೆಯ ಕಂಬಕ್ಕೆ ಎಮ್ಮೆ ಕಟ್ಟುತ್ತಿದ್ದರು, ಕೊನೆಗೆ ಸರ್ಕಾರದವರು ಎಲ್ಲರನ್ನೂ ಅಲ್ಲಿಂದ ಎಬ್ಬಿಸಿದರು. ಎಬ್ಬಿಸಿದ ಮಾತು ಅವನಿಗೆ ಬೇಡವಾಗಿತ್ತು.

"ಅಗೆಯಲಿ ಸದೀಕ್, ಏನೂ ಸಿಗಬಾರದು ಅಷ್ಟೇ. ಮನೆ ಎದ್ದ ದಿನ ಈ ಕೆಲಸ ಖಲಾಸ್, ಊರಿಗೆ ಹೊರಟೆ."

ಸದೀಕ್ ಅಂದರೆ ಗೆಳೆಯ. ಗೆಳೆಯನಿಗಾಗಿ ನಾನೂ, ಏನೂ ಸಿಗದಿರಲಪ್ಪಾ ಎಂದು ದೇವರಿಗೆ ಕೈಮುಗಿದೆ.

ಒಂದು ಶುಕ್ರವಾರ ಅವನ ಅಣ್ಣನ ಫೋನು ಬಂತು. ಮಾತು ಮುಗಿಸಿ ಬಂದವನು ಚಪ್ಪಲಿ ಹುಡುಕತೊಡಗಿದ. ಅವು ಕಾಲಲ್ಲೇ ಇದ್ದವು.

"ಕೊನೆಗೂ ಅಗೆದರಂತೆ, ಕುದುರೆ ಲಾಯ ಸಿಕ್ಕಿದೆಯಂತೆ. ಕುದುರೆ ಕಟ್ಟಿಹಾಕುವ ಕಲ್ಲುಗಳು ಸಾಲಾಗಿ ಇವೆಯಂತೆ. ಇನ್ನು ಅಲ್ಲಿ ಯಾರೂ ಮನೆ ಕಟ್ಟುವ ಹಾಗಿಲ್ಲ," ಎಂದ. ಆಮೇಲೆ ನಕ್ಕ. "ನೋಡು, ರಾಜನ ಕುದುರೆಗೂ ಅಲ್ಲಿ ಮನೆಯಿತ್ತು."

ನನಗೆ ಮೈಯೆಲ್ಲ ಉರಿಯಿತು. ಸತ್ತು ಮೂರು ಸಾವಿರ ವರ್ಷ ಕಳೆದರೂ ಜಾಗ ಬಿಡದ ಆ ಫೇರೋನನ್ನು ನಮ್ಮೂರ ಭಾಷೆಯಲ್ಲಿ ಚೆನ್ನಾಗಿ ಬೈದೆ. ಬೇರೆ ಕಡೆ ಜಾಗ ನೋಡೋಣ ಎಂದೆ. "ಸಾಕಾಗಿದೆ," ಎಂದು ಗೋಡೆಯ ಕಡೆ ತಿರುಗಿ ಮಲಗಿದ. ನನಗೂ ಸಾಕಾಗಿತ್ತು.

ಕ್ಯಾಂಪಿನ ಬಚ್ಚಲಿನ ನಲ್ಲಿ ನಾವು ಬಂದಾಗಿನಿಂದ ಸೋರುತ್ತಿತ್ತು. ಯಾರ ಸ್ವಂತ ಮನೆಯೂ ಅಲ್ಲವಲ್ಲ, ಯಾರೂ ಬದಲಿಸಿರಲಿಲ್ಲ. ಮರುದಿನ ಬೆಳಿಗ್ಗೆ ಹೋದರೆ ಅಲ್ಲಿ ಅವನ ಹಿತ್ತಾಳೆ ನಲ್ಲಿ ಕೂತಿತ್ತು. ತಿರುಗಿಸಿದೆ, ನೀರು ಸರಾಗವಾಗಿ ಬಂತು. ನಿಲ್ಲಿಸಿದರೆ ಒಂದು ಹನಿಯೂ ಸೋರಲಿಲ್ಲ. ಅವನು ಇನ್ನು ಊರಿಗೆ ಹೋಗುವುದಿಲ್ಲ ಎಂದು ಆಗ ನನಗೆ ಗೊತ್ತಾಯಿತು.