ಹಗ್ಗ ಸವೆಸಿದ ಕಲ್ಲು

ಅವರ ಬಲಗೈ ತೋರುಬೆರಳು ಮಡಚುತ್ತಿರಲಿಲ್ಲ. ಎಂದೋ ಸೈಕಲ್ ಚೈನಿಗೆ ಸಿಕ್ಕಿ ಸೆಟೆದುಕೊಂಡಿತ್ತಂತೆ. ಟೀ ಕಪ್ಪು ಹಿಡಿದಾಗಲೂ ಅದು ಎದುರಿಗಿದ್ದವರತ್ತ ಚಾಚಿಕೊಂಡೇ ಇರುತ್ತಿತ್ತು. ಪಿಎಚ್‌ಡಿಗೆಂದು ಕ್ಯೋಟೋಗೆ ಬಂದ ಹೊಸದರಲ್ಲಿ ನನ್ನ ಹಳೇ ಸೈಕಲ್ಲು ವಾರಕ್ಕೊಮ್ಮೆ ಪಂಕ್ಚರ್ ಆಗುತ್ತಿತ್ತು. ಹಾಗಾಗಿ ಕಾಲುವೆ ದಂಡೆಯ ಸೈಕಲ್ ಅಂಗಡಿಯ ಈ ಅಜ್ಜ ಪರಿಚಯವಾದರು. ನನ್ನ ಹೆಸರಿಗೆ ಅವರ ನಾಲಿಗೆ ಹೊರಳಲಿಲ್ಲ. ಇಂಡಿಯಾದವಳು ಅಂತ 'ಇಂದೋ-ಸಾನ್' ಎಂದೇ ಕರೆದರು.

ಅವರ ಅಪ್ಪ ಅದೇ ದಂಡೆಯ ಮೇಲೆ ನಡೆಯುತ್ತ, ಸರಕಿನ ದೋಣಿಗಳನ್ನು ಹಗ್ಗ ಕಟ್ಟಿ ಎಳೆದವರು. ಸೇತುವೆಯ ಮೂಲೆಗಲ್ಲಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬೆರಳಗಲದ ಮೂರು ಕಚ್ಚು ಬಿದ್ದಿದ್ದವು. ಅಜ್ಜ ಅವನ್ನು ಬಂದ ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದರು. "ಕಾಲುವೆ ಕಟ್ಟಿಸಿದ ಇಂಜಿನಿಯರಿಗೆ ಪ್ರತಿಮೆ ಇದೆ. ನಮ್ಮಪ್ಪನಿಗೆ ಇದಿದೆ."

ಆಮೇಲೆ ನಗರಪಾಲಿಕೆಯವರು ದಂಡೆಯನ್ನು 'ಪಾರಂಪರಿಕ ನಡಿಗೆ ದಾರಿ' ಮಾಡಿದರು. ಬೆಂಚು, ದೀಪ, ಫಲಕ ಎಲ್ಲ ಬಂದವು. ಕಲ್ಲು ಸವೆದಿದೆಯೆಂದು ಗುತ್ತಿಗೆದಾರರ ಆಳುಗಳು ಆ ಕಚ್ಚುಗಳಿಗೆ ಸಿಮೆಂಟು ಮೆತ್ತಿ ನುಣ್ಣಗೆ ಮಾಡಿದರು.

ಆ ಸಿಮೆಂಟು ತೆಗೆಸಿ ಎಂದು ಅಜ್ಜ ಪಾಲಿಕೆ ಕಚೇರಿಗೆ ಐದಾರು ಸಲ ಅಲೆದರು. ಎರಡು ಸಲ ನಾನೂ ಹೋಗಿದ್ದೆ. ಗುಮಾಸ್ತ ತಲೆಬಾಗಿ "ಪರಿಶೀಲಿಸುತ್ತೇವೆ" ಅನ್ನುತ್ತಿದ್ದ. "ಅವನು ಬಗ್ಗಿದಷ್ಟೂ ನಾನೂ ಬಗ್ಗಬೇಕು. ಜಗಳ ಆಡೋಕೂ ಬಿಡಲ್ಲ ಇವರು," ಎಂದು ಹೊರಗೆ ಬಂದು ಹಲ್ಲು ಕಡಿಯುತ್ತಿದ್ದರು.

ಒಂದು ಬೆಳಿಗ್ಗೆ ಉಳಿ, ಸುತ್ತಿಗೆ ಹಿಡಿದು ಅವರೇ ಕಲ್ಲಿನ ಮುಂದೆ ಮಂಡಿಯೂರಿದರು. ನಾನು ಅವರ ಚೀಲ ಹಿಡಿದು ನಿಂತಿದ್ದೆ. ನಾಲ್ಕೇಟು ಬೀಳುವಷ್ಟರಲ್ಲಿ ಕಾವಲುಗಾರ ಓಡಿಬಂದ. ಅಜ್ಜನಿಂದ ಉಳಿ ಕಸಿದುಕೊಂಡು ನನ್ನತ್ತ ತಿರುಗಿ, "ಇವರು ನಿಮ್ಮ ಕಡೆಯವರಾ?" ಎಂದ.

ನನಗೆ ವೀಸಾ ನೆನಪಾಯಿತು. "ಇಲ್ಲ, ದಾರೀಲಿ ಹೋಗ್ತಿದ್ದೆ. ಚೀಲ ಹಿಡ್ಕೋ ಅಂದ್ರು, ಅಷ್ಟೇ," ಎಂದೆ.

ಅಜ್ಜ ನನ್ನ ಮುಖ ನೋಡಲಿಲ್ಲ. "ಸುಮಿಮಾಸೆನ್, ತಪ್ಪಾಯ್ತು," ಎಂದು ಅವನಿಗೇ ತಲೆಬಾಗಿದರು.

ಮಾರನೆಯ ದಿನ ಕ್ಷಮೆ ಕೇಳಬೇಕೆಂದೇ ಅಂಗಡಿಗೆ ಹೋದೆ. ನಾನು ಬಾಯಿ ತೆರೆಯುವ ಮುಂಚೆಯೇ ಸೈಕಲ್ ಎಳೆದುಕೊಂಡು ಬ್ರೇಕ್ ಬಿಗಿ ಮಾಡತೊಡಗಿದರು. "ನೀನು ಹೇಳಿದ್ದೇ ಸರಿ. ಮೊದಲು ನಿನ್ನ ಓದು ಮುಗೀಲಿ," ಎಂದರು. ಬೈದಿದ್ದರೆ ಹಗುರಾಗುತ್ತಿತ್ತು. ಕ್ಷಮೆ ಕೇಳದೆಯೇ ಸೈಕಲ್ ಹತ್ತಿ ಬಂದುಬಿಟ್ಟೆ.

ಆ ಚಳಿಗಾಲದಲ್ಲಿ ನ್ಯುಮೋನಿಯಾ ಆಗಿ ಅವರು ತೀರಿಕೊಂಡರು. ಅಂಗಡಿ ಈಗ ಕಾರು ನಿಲ್ಲಿಸುವ ಜಾಗ.

ಕಲ್ಲಿನ ವಿಚಾರವಾಗಿ ನನ್ನ ಅರೆಬರೆ ಜಪಾನಿಯಲ್ಲೇ ಕಚೇರಿಗೆ ಪತ್ರ ಬರೆದೆ. ವಾರದೊಳಗೆ ಉತ್ತರ ಬಂತು, ಪರಿಶೀಲಿಸುತ್ತೇವೆ ಎಂದು. ಮೈಯೆಲ್ಲ ಉರಿದುಹೋಯಿತು. ಕೂತು ಎರಡನೆಯದನ್ನು ಬರೆದೆ. ಹೆಸರು, ವಿಳಾಸ ಹಾಕಿ, ಮೊದಲ ಪತ್ರದಲ್ಲಿ ಬಿಟ್ಟಿದ್ದ ಮಾತನ್ನು ಈ ಸಲ ಸೇರಿಸಿದೆ: ಅಂದು ನಾನು ಕಾವಲುಗಾರನಿಗೆ ಸುಳ್ಳು ಹೇಳಿದ್ದೆ. ಅವರು ನನ್ನ ಕಡೆಯವರೇ.