ಒಳಮೈ
ಸರ್ಕಾರ ಹೊರದೇಶಕ್ಕೆ ಮಾರುವ ಫಿರಂಗಿ ಗುಂಡುಗಳಿಗೆ ನಮ್ಮ ದಾಂಡೇಲಿಯ ಶೆಡ್ಡಿನಲ್ಲಿ ಕಟ್ಟಿಗೆಯ ಪೆಟ್ಟಿಗೆ ಮಾಡುವವರು ಪಾಂಡಪ್ಪ ಕಾಕಾ. ಅದರ ಮೇಲೆ ದೇಶದ ಹೆಸರು ಬಳಿಯುವವನು ನಾನು, ಆ ದೇಶ ನಕಾಶೆಯಲ್ಲಿ ಎಲ್ಲಿದೆಯೆಂದರೆ ತಲೆ ಕೆರೆದುಕೊಳ್ಳುವ ಪದವೀಧರ. ಕಾಕಾ ಪ್ರತಿ ಪೆಟ್ಟಿಗೆಯ ಹೊರಮೈಯನ್ನು ಉಜ್ಜಿ ಉಜ್ಜಿ ನುಣ್ಣಗೆ ಮಾಡಿ, ಕೊನೆಗೆ ಕೆನ್ನೆ ಒತ್ತಿ ನೋಡುತ್ತಾರೆ. “ಕಾಕಾ, ಪೆಟ್ಟಿಗಿ ನೋಡಾಕ ವರ ಬರ್ತಾನೇನ್ರಿ?” ಎಂದು ನಾನು ಕೆಣಕಿದರೆ, “ಎತ್ತಾವ್ರ ಕೈಯಾಗ ಸಿಬಿರು ಹೋಗಬಾರ್ದೋ ತಮ್ಮಾ, ಅವ್ರೂ ಯಾರದೋ ಮಕ್ಳು” ಎನ್ನುತ್ತಾರೆ. ಮಾಲೀಕರು ಬೈದರೂ, ಲಾರಿ ಕಾದರೂ ಅವರ ಕೈ ಅವಸರ ಮಾಡುವುದಿಲ್ಲ. ಮೊನ್ನೆ ನನ್ನ ಮೊಬೈಲಿಗೆ ಆ ದೇಶದ ಯುದ್ಧದ ಚಿತ್ರವೊಂದು ಬಂತು: ಬಿದ್ದ ಮನೆಯ ಮುಂದೆ, ನಾನು ಬಳಿದ ಅಕ್ಷರಗಳಿದ್ದ ನಮ್ಮದೇ ಖಾಲಿ ಪೆಟ್ಟಿಗೆಯೊಳಗೆ, ಒಂದು ಕೂಸು ಬರಿಮೈಯಲ್ಲಿ ಮಲಗಿತ್ತು. ಕಾಕಾ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. “ಒಳಗ ನಾ ಉಜ್ಜಿಲ್ಲೋ ತಮ್ಮಾ” ಎಂದರು.